ಉಸಿರಿಗೆ ಕಾಲಿನ ಆಸರೆ

ಆಸ್ಪತ್ರೆಯ ಪಡಸಾಲೆಯಲ್ಲಿ 30 ಮೀಟರ್ ಅಳೆದು ಎರಡೂ ತುದಿಗೆ ಗುರುತು ಇಟ್ಟಿದ್ದಾರೆ. ಗೋಡೆಗೆ ಒತ್ತಿ ಒಂದು ಕುರ್ಚಿ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡ ಅಜ್ಜಿ ಸೆರಗು ಬಿಗಿದು ನಿಂತಿದ್ದಾರೆ. ‘ಓಡಬೇಡಿ ಅಮ್ಮಾ, ನಿಮ್ಮ ನಡಿಗೇಲೇ ನಡೀರಿ. ಸುಸ್ತಾದ್ರೆ ನಿಲ್ಲಿ, ಗಡಿಯಾರ ಮಾತ್ರ ನಿಲ್ಸಲ್ಲ’ ಎನ್ನುತ್ತಾರೆ ಫಿಸಿಯೋಥೆರಪಿಸ್ಟ್. ಅವರು ಜೊತೆಗೆ ಹೆಜ್ಜೆ ಹಾಕುವುದಿಲ್ಲ. ಹಾಕಿದರೆ ಅಜ್ಜಿ ಅವರ ವೇಗಕ್ಕೆ ಬಿದ್ದುಬಿಡುತ್ತಾರೆ. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದರು ಎಂಬುದೇ ಇಲ್ಲಿಯ ಮೊದಲ ಲೆಕ್ಕ.

ಇದು ಪಲ್ಮನರಿ ರಿಹ್ಯಾಬಿಲಿಟೇಶನ್, ಶ್ವಾಸಕೋಶದ ಪುನಶ್ಚೇತನ. ಶ್ವಾಸನಾಳ ಕಿರಿದಾಗುವ ಸಿಒಪಿಡಿಯಂಥ ಪೂರ್ತಿ ವಾಸಿಯಾಗದ ಕಾಯಿಲೆಯವರಿಗೆ ವಾರಕ್ಕೆ ಎರಡು ಮೂರು ದಿನ, ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ವ್ಯಾಯಾಮ ಮತ್ತು ಉಸಿರಿನ ಪಾಠ. ಬೀಡಿ ಮುಟ್ಟದಿದ್ದರೂ ಸೌದೆ ಒಲೆಯ ಹೊಗೆಯಲ್ಲೇ ವಯಸ್ಸು ಸವೆಸಿದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ.

ದಮ್ಮು ಇರುವವರನ್ನು ಮನೆಯವರು ಪ್ರೀತಿಯಿಂದಲೇ ಕೂರಿಸಿಬಿಡುತ್ತಾರೆ. ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಕಾಲು ಬಚ್ಚಲಿಗೆ ಹೋಗಿಬರುವುದಕ್ಕೇ ಹೆಚ್ಚು ಉಸಿರು ಕೇಳುತ್ತದೆ. ಏದುಸಿರಿಗೆ ಹೆದರಿ ಮತ್ತೆ ಕೂರುತ್ತಾರೆ. ಈ ಸುಳಿಯಿಂದ ಎಳೆದು ತರುವುದೇ ಇಲ್ಲಿನ ಕೆಲಸ. ಹಾಳಾದ ಶ್ವಾಸಕೋಶ ನಡೆದರೆ ಸರಿಹೋಗುವುದಿಲ್ಲ, ಊದುವ ಪರೀಕ್ಷೆಯ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಆದರೆ ಪಳಗಿದ ಕಾಲು ಅಷ್ಟೇ ದೂರಕ್ಕೆ ಕಡಿಮೆ ಉಸಿರು ಬೇಡುತ್ತದೆ. ಆರು ನಿಮಿಷದ ನಡಿಗೆಯಲ್ಲಿ ಸುಮಾರು 30 ಮೀಟರ್ ಹೆಚ್ಚಾದರೂ ಗುಣ ಕಂಡಂತೆಯೇ ಲೆಕ್ಕ. ಮನೆಯಿಂದ ಬೀದಿನಲ್ಲಿಗೆ ಅಷ್ಟೇ ದೂರವಿದ್ದವರಿಗೆ ಅದು ಸಣ್ಣ ಮಾತೇ?

ಉಸಿರಿನ ಪಾಠದಲ್ಲಿ ಮೊದಲನೆಯದು ತುಟಿಯದು. ಮೂಗಿನಿಂದ ಎಳೆದ ಗಾಳಿಯನ್ನು ತುಟಿ ಚೂಪು ಮಾಡಿ ನಿಧಾನ ಬಿಡಬೇಕು. ಈ ಕಾಯಿಲೆಯಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಕಷ್ಟ; ಹೀಗೆ ಬಿಟ್ಟರೆ ಕಿರುನಾಳಗಳು ಬೇಗ ಮುಚ್ಚಿಕೊಳ್ಳದೆ ಸಿಕ್ಕಿಕೊಂಡ ಗಾಳಿ ಹೊರಬೀಳುತ್ತದೆ. ಅಜ್ಜಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ. ಊದುಗೊಳವೆ ಹಿಡಿದ ಬಾಯಿ ಅದು. ಒಲೆಯ ಮುಂದೆ ಕಲಿತ ತುಟಿಯೇ ಈಗ ಒಲೆ ಕೊಟ್ಟ ರೋಗಕ್ಕೆ ಒದಗಿ ಬಂದದ್ದನ್ನು ನೋಡಿ ನನಗೆ ಗಂಟಲು ಕಟ್ಟಿತು.

ದಮ್ಮಿನವರಿಗೆ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಬಲವಾಗಿದ್ದ 1960ರ ದಶಕದಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಪೆಟ್ಟಿ ಎಂಬ ವೈದ್ಯರು ರೋಗಿಗಳನ್ನು ನಡೆಸಲು ತೊಡಗಿದರು. 2015ರಲ್ಲಿ, ಚಿಕಿತ್ಸೆಗಳ ಸಾಕ್ಷ್ಯ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 65 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಏದುಸಿರು, ದಣಿವು ಕಡಿಮೆಯಾಗುವುದು ಖಚಿತವಾಯಿತು. ಇಷ್ಟಾದರೂ ನಮ್ಮಲ್ಲಿ ಇದು ಹೆಚ್ಚಾಗಿ ದೊಡ್ಡ ಊರುಗಳ ಆಸ್ಪತ್ರೆಗಳಿಗೇ ಸೀಮಿತ. ಇನ್‌ಹೇಲರ್ ಬರೆದುಕೊಟ್ಟಷ್ಟು ಸಲೀಸಾಗಿ ಇದನ್ನೂ ಏಕೆ ಬರೆದುಕೊಡಬಾರದು? ಬೇಕಾದದ್ದು ಪಡಸಾಲೆ, ಕುರ್ಚಿ, ತೂಕಕ್ಕೆ ನೀರು ತುಂಬಿದ ಬಾಟಲಿ, ಪಕ್ಕದಲ್ಲಿ ತಿಳಿದವರೊಬ್ಬರು.

ಹೊರಡುವ ಮುನ್ನ ಅಜ್ಜಿ ಕೇಳಿದರು: ‘ಬಟ್ಟೆ ಒಗೀಬಹುದಾ?’

‘ಒಗೀರಿ. ಸ್ಟೂಲ್ ಮೇಲೆ ಕೂತ್ಕೊಂಡು. ಹಿಂಡುವಾಗ ಉಸಿರು ಬಿಡಿ, ಕಟ್ಟಬೇಡಿ.’

ಅಜ್ಜಿ ಅಲ್ಲೇ ನಿಂತು, ಖಾಲಿ ಗಾಳಿಯಲ್ಲಿ ಸೀರೆ ಹಿಂಡುತ್ತಾ ತುಟಿ ಚೂಪು ಮಾಡಿದರು.