ರಸ್ತೆ ತಡೆ, ವಿದೇಶಿ ದೇಣಿಗೆ ಮತ್ತು ಸ್ವಯಂಸೇವಾ ಸಂಸ್ಥೆ

1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಬಂಡೆದ್ದ ನವಲಗುಂದ, 2015ರಿಂದ ಕಳಸಾ-ಬಂಡೂರಿ ಯೋಜನೆಯ ನೀರಿಗಾಗಿಯೂ ಬಂದ್, ರಸ್ತೆ ತಡೆಗಳನ್ನು ಕಂಡಿತು. ಇಂಥ ಹೋರಾಟಕ್ಕೆ ಹಳ್ಳಿಯ ಸ್ವಯಂಸೇವಾ ಸಂಸ್ಥೆಯೊಂದು ಕೈಜೋಡಿಸಿದರೆ ಅದು ರಾಜಕೀಯವೇ ಎಂಬುದು ಕಾನೂನಿನ ಗಂಭೀರ ಪ್ರಶ್ನೆ.

ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ತನ್ನ ಹಣವನ್ನು ಧರ್ಮಾರ್ಥ ಉದ್ದೇಶಕ್ಕೆ, ಅಂದರೆ ಬಡವರ ನೆರವು, ಶಿಕ್ಷಣ, ವೈದ್ಯಕೀಯ ನೆರವು ಮೊದಲಾದ ಸಾರ್ವಜನಿಕ ಹಿತಕ್ಕೆ ಬಳಸಬೇಕು. ಪಕ್ಷದ ಪ್ರಚಾರ ಅದರಲ್ಲಿ ಸೇರುವುದಿಲ್ಲ. ಇದಕ್ಕಿಂತ ಬಿಗಿಯಾದದ್ದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ಅದು ಅಭ್ಯರ್ಥಿಗಳು, ಪಕ್ಷಗಳು ಮತ್ತು ಅವುಗಳ ಪದಾಧಿಕಾರಿಗಳ ಜೊತೆಗೆ ‘ರಾಜಕೀಯ ಸ್ವರೂಪದ ಸಂಘಟನೆ’ಗಳಿಗೂ ಹೊರದೇಶದ ದೇಣಿಗೆಯನ್ನು ನಿಷೇಧಿಸುತ್ತದೆ. ಆ ಕಾಯ್ದೆಯಡಿ ಬಂದ 2011ರ ನಿಯಮಗಳು ಬಂದ್, ಹರತಾಳ, ರಸ್ತೆ ತಡೆ, ರೈಲು ತಡೆ, ಜೈಲ್ ಭರೋಗಳನ್ನು ರೂಢಿಯಾಗಿ ನಡೆಸುವ ಸಂಘಟನೆಗಳನ್ನೂ ಆ ಸಾಲಿಗೆ ಸೇರಿಸಿದವು. ಇನ್ಸಾಫ್ ಎಂಬ ಸಂಘಟನೆ ಇದನ್ನು ಪ್ರಶ್ನಿಸಿದಾಗ, ಸಕ್ರಿಯ ರಾಜಕಾರಣದೊಡನೆ ನಂಟಿಲ್ಲದ ಸಂಸ್ಥೆ ಸಾರ್ವಜನಿಕ ಹಿತಕ್ಕಾಗಿ ಈ ಮಾರ್ಗ ಹಿಡಿದ ಮಾತ್ರಕ್ಕೆ ದೇಣಿಗೆಯ ಹಕ್ಕು ಕಳೆದುಕೊಳ್ಳದೆಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತೀರ್ಪಿತ್ತಿತು. ನೀರು ಕೇಳುವುದನ್ನು ಮತ ಕೇಳುವುದರಿಂದ ಬೇರ್ಪಡಿಸಿದ ಈ ತೀರ್ಪು, ನೀರಿಗಾಗಿ ಹೋರಾಡುವ ಸೀಮೆಗೆ ಬಹಳ ಬೆಲೆಯುಳ್ಳದ್ದು.

ಸಂಸ್ಥೆಯ ಮಾತು ಹೀಗಾದರೆ, ಅದರ ಸಿಬ್ಬಂದಿಯ ಸ್ವಂತ ರಾಜಕೀಯ ಮಾತಿನ ಪ್ರಶ್ನೆ ಬೇರೆ. ಇಂಥ ಸಂಸ್ಥೆಯ ನೌಕರರು ಸರ್ಕಾರಿ ನೌಕರರಲ್ಲವಾದ್ದರಿಂದ, ಸರ್ಕಾರಿ ನಡತೆ ನಿಯಮಗಳು ಅವರಿಗೆ ಅನ್ವಯಿಸುವುದಿಲ್ಲ. ಉದಾಹರಣೆಗೆ, ಕುಂದಗೋಳದ ಕ್ಷೇತ್ರ ಕಾರ್ಯಕರ್ತೆಯೊಬ್ಬಳು ತನ್ನ ಫೇಸ್‌ಬುಕ್ ಖಾತೆಯಲ್ಲಿ ಅಭ್ಯರ್ಥಿಯೊಬ್ಬರನ್ನು ಬೆಂಬಲಿಸುವುದು ನಾಗರಿಕಳಾಗಿ ಆಕೆಯ ಹಕ್ಕು. ಆದರೆ ಅದೇ ಬರಹ ಸಂಸ್ಥೆಯ ಖಾತೆಯಿಂದಲೋ, ಸ್ವಸಹಾಯ ಸಂಘಗಳಿಗಾಗಿ ಸಂಸ್ಥೆ ತೆರೆದ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಬಂದರೆ ಸಂಸ್ಥೆಯ ಮಾತೆಂದೇ ಓದಲ್ಪಡುತ್ತದೆ. ಆದ್ದರಿಂದ ಸಂಸ್ಥೆಗಳು ಸಿಬ್ಬಂದಿಯ ಬಾಯಿ ಕಟ್ಟುವ ಬದಲು, ಯಾವ ಖಾತೆ ಯಾರದೆಂಬುದನ್ನು ಸೇವಾ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿಡಬೇಕು.