ತರಗು ಬೆಂಕಿ ಆರಿಸಿದ್ಮೇಲೆ ಏನಾಯ್ತು?

ಈ ಸಲದ ಮಾತು ನನ್ನದೇ ಒಂದು ತಪ್ಪಿನಿಂದ ಶುರು. ಪುಣೆಯಿಂದ ರಜೆಗೆ ಊರಿಗೆ ಹೋದವರು ಹಾಗೇ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದ್ವಿ. ಸೋಲಿಗರ ಪೋಡಿನ ಹತ್ರ ಒಬ್ಬರು ಅಜ್ಜನ್ನ ಕೇಳಿದೆ: "ಇಲ್ಲಿರೋಕೆ ಫಾರೆಸ್ಟ್‌ನವರು ಪರ್ಮಿಷನ್ ಕೊಟ್ಟಿದ್ದಾರಾ?" ಅವರು ನಕ್ಕು, "ಅವ್ರು ಬರಕ್ ಮುಂಚೆನೂ ನಾವ್ ಇಲ್ಲೇ ಇದ್ವಲ್ಲ ಸ್ವಾಮಿ" ಅಂದ್ರು.

ಆ ಪ್ರಶ್ನೆ ನನ್ನ ಬಾಯಿಗೆ ಬಂದಿದ್ದು ಎಲ್ಲಿಂದ? ಕಾಡು ಸರ್ಕಾರದ ಆಸ್ತಿ, ಒಳಗಿರೋರು ಒತ್ತುವರಿದಾರರು ಅನ್ನೋ ಯೋಚನೆ ಬ್ರಿಟಿಷರದ್ದು. 1878ರ ಅರಣ್ಯ ಕಾಯ್ದೆಯಲ್ಲಿ ಅದು ಗಟ್ಟಿಯಾಯ್ತು. ಬ್ರಿಟಿಷರು ಹೋದ್ರು, ಯೋಚನೆ ನಮ್ಮ ತಲೆಯಲ್ಲೇ ಉಳೀತು.

ಅದರಿಂದ ಆದ ನಷ್ಟ ನೋಡಿ. ಬೇಸಿಗೆ ಬಲಿಯೋಕೆ ಮುಂಚೆ, ನೆಲದ ಮೇಲಿನ ಒಣ ಎಲೆಗೆ ಸೋಲಿಗರು ಸಣ್ಣದಾಗಿ ಬೆಂಕಿ ಕೊಡ್ತಿದ್ರು. ಅದೇ ತರಗು ಬೆಂಕಿ. ಅದರಿಂದ ಕಳೆ ಹಿಡಿತದಲ್ಲಿರುತ್ತೆ, ನೆಲ್ಲಿ ಮರಕ್ಕೆ ಬದನಿಕೆ ಹತ್ತೋದು ಕಮ್ಮಿ, ದೊಡ್ಡ ಕಾಡ್ಗಿಚ್ಚಿಗೆ ಸೌದೆ ಸಿಗಲ್ಲ ಅಂತ ಅವರು ಹೇಳ್ತಾರೆ. 1974ರಲ್ಲಿ ಅಲ್ಲಿ ಅಭಯಾರಣ್ಯ ಆಯ್ತು, ಬೆಂಕಿ ನಿಂತೋಯ್ತು. ಆಮೇಲೆ ಲಂಟಾನ ಬೆಟ್ಟ ತುಂಬ್ಕೊಂಡ್ತು. ತಮಾಷೆ ಏನಂದ್ರೆ, ಲಂಟಾನವೂ ಬ್ರಿಟಿಷರು ತೋಟದ ಅಂದಕ್ಕೆ ತಂದ ಗಿಡ!

ನಮ್ಮ ಆಫೀಸ್ ಭಾಷೇಲಿ ಹೇಳ್ಬೇಕಂದ್ರೆ: ಹಳೇ ಸರ್ವರ್‌ನಲ್ಲಿ ರಾತ್ರಿ ಓಡೋ ಕ್ಲೀನಪ್ ಸ್ಕ್ರಿಪ್ಟನ್ನ, ಅದನ್ನ ನಡೆಸ್ತಿದ್ದವರನ್ನ ಕೇಳದೇನೇ ಹೊಸಬರು ಆಫ್ ಮಾಡಿದ್ರು. ಡಿಸ್ಕ್ ತುಂಬ್ತು. ಆಮೇಲೆ ತುಂಬಿದ್ದು ಯಾಕೆ ಅಂತ ಮೀಟಿಂಗ್!

2006ರ ಅರಣ್ಯ ಹಕ್ಕು ಕಾಯ್ದೆ, ಇವರಿಗೆ ಆಗಿದ್ದು ಐತಿಹಾಸಿಕ ಅನ್ಯಾಯ ಅಂತ ಒಪ್ಕೊಳ್ಳುತ್ತೆ. 2011ರಲ್ಲಿ ಈ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ತು. ಅಂದ್ರೆ ಅವರು ಅಲ್ಲಿರೋದು ಯಾರದೋ ದಯೆಯಿಂದ ಅಲ್ಲ, ಹಕ್ಕಿನಿಂದ.

ಕಾನೂನು ಬದಲಾಯ್ತು, ಬದಲಾಗಬೇಕಿರೋದು ನಾವು. ಪೋಡು ಅವರ ಮನೆ, ಟೂರಿಸ್ಟ್ ಸ್ಪಾಟ್ ಅಲ್ಲ. ಕೇಳದೆ ಮೊಬೈಲ್ ಎತ್ತಬೇಡಿ. ಸಹಾಯ ಮಾಡೋ ಮನಸ್ಸಿದ್ರೆ ಹಳೇ ಬಟ್ಟೆ, ಲ್ಯಾಪ್‌ಟಾಪ್ ಹೊತ್ಕೊಂಡು ಹೋಗೋ ಮುಂಚೆ ಏನು ಬೇಕು, ಬೇಕಾ ಬೇಡ್ವಾ ಅಂತ ವಿಚಾರಿಸಿ. ಬೇಡ ಅಂದ್ರೆ ವಾಪಸ್ ಬನ್ನಿ, ಅದೂ ಮರ್ಯಾದೆನೇ.

ಸೋಲಿಗರು ಬೆಟ್ಟದ ರಂಗಪ್ಪನನ್ನೇ 'ಭಾವ' ಅಂತ ಕರೀತಾರೆ. ತಮ್ಮ ಮನೆ ಹುಡುಗಿ ಕುಸುಮಾಲೆಯನ್ನ ಮದುವೆಯಾದವನು ಅಂತ. ದೇವರೇ ಅಲ್ಲಿ ನೆಂಟ. ನಾವೂ ನೆಂಟರ ಹಾಗೇ ಹೋಗೋಣ, ಬಾಗಿಲಲ್ಲಿ ನಿಂತು ಕೇಳಿ.