ಘಾನಾದಲ್ಲಿ ಕರೆಂಟ್ ಹೋಗಿತ್ತು

2017ರ ಜೂನ್ 27. ಹಡಗು ಸಾಗಣೆಯ ದೈತ್ಯ ಕಂಪನಿ ಮಾಯೆರ್ಸ್ಕ್‌ನ ಕೋಪನ್‌ಹೇಗನ್ ಕಚೇರಿಯಲ್ಲಿ ಕಂಪ್ಯೂಟರ್ ಪರದೆಗಳು ಒಂದರ ಹಿಂದೊಂದು ಕಪ್ಪಾದವು. ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಅದೇ ಸಮೂಹದ ಟರ್ಮಿನಲ್ ಕೂಡ ಸ್ತಬ್ಧವಾಯಿತು.

ದಾಳಿಯ ಹೆಸರು ನಾಟ್‌ಪೆಟ್ಯಾ. ಯುಕ್ರೇನ್‌ನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ಎಂ.ಇ.ಡಾಕ್ ತಂತ್ರಾಂಶದ ಅಪ್‌ಡೇಟ್‌ನಲ್ಲಿ ಅದು ಅಡಗಿ ಬಂದಿತ್ತು. ದಿನವೂ ಮನೆಗೆ ಹಾಲು ಹಾಕುವವರ ಕ್ಯಾನಿಗೇ ಯಾರೋ ವಿಷ ಬೆರೆಸಿದ ಹಾಗೆ. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಕೊಟ್ಟಿತ್ತು. ಆದರೆ ಆ ಪರಿಹಾರ ಹಾಕಿಕೊಳ್ಳದ ಒಂದು ಯಂತ್ರ ಸಿಕ್ಕರೆ ಸಾಕು, ಅದರ ಮೆಮೊರಿಯಲ್ಲಿ ಉಳಿದ ಪಾಸ್‌ವರ್ಡ್‌ಗಳನ್ನು ಕದ್ದು, ಸರಿಪಡಿಸಿದ ಯಂತ್ರಗಳಿಗೂ ನುಗ್ಗುತ್ತಿತ್ತು. ಪರದೆಯ ಮೇಲೆ 300 ಡಾಲರ್ ಕೇಳುತ್ತಿತ್ತು; ಕೊಟ್ಟರೂ ಕಡತ ಮರಳುವ ದಾರಿಯೇ ಇರಲಿಲ್ಲ.

ಯಾರು ಯಾವ ಯಂತ್ರಕ್ಕೆ ಹೋಗಬಹುದು ಎಂಬ ಪಟ್ಟಿ ಇಟ್ಟುಕೊಳ್ಳುವ ಸುಮಾರು 150 ಸರ್ವರ್‌ಗಳು ಮಾಯೆರ್ಸ್ಕ್‌ನಲ್ಲಿದ್ದವು. ಒಂದು ಕೆಟ್ಟರೆ ಇನ್ನೊಂದು ಇದೆ ಎಂಬ ಧೈರ್ಯ. ಎಲ್ಲವೂ ಒಂದಕ್ಕೊಂದು ಜೋಡಿಸಿಕೊಂಡಿದ್ದರಿಂದ ಒಟ್ಟಿಗೇ ಅಳಿದವು. ಉಳಿದದ್ದು ಘಾನಾದ್ದೊಂದೇ: ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಅದು ಜಾಲದಿಂದ ಕಡಿದುಹೋಗಿತ್ತು! ಅದರ ಪ್ರತಿಯನ್ನು ನೈಜೀರಿಯಾದಲ್ಲಿ ಕೈಬದಲಾಯಿಸಿ ವಿಮಾನದಲ್ಲಿ ಇಂಗ್ಲೆಂಡಿಗೆ ತಂದರು. ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಿದರು.

ಈ ಕಥೆ ನೆನಪಾದಾಗಲೆಲ್ಲ ನಮ್ಮ ಊರುಗಳ ಅಂಗಡಿ, ಸಣ್ಣ ಕಾರ್ಖಾನೆಗಳ ಲೆಕ್ಕದ ಮೇಜು ಕಣ್ಣಿಗೆ ಬರುತ್ತದೆ. ಜಿಎಸ್‌ಟಿ ಬಿಲ್ಲುಗಳೆಲ್ಲ ಒಂದೇ ಕಂಪ್ಯೂಟರಿನಲ್ಲಿ. ಬ್ಯಾಕಪ್‌ನ ಹಾರ್ಡ್ ಡಿಸ್ಕ್ ಅದರ ಬೆನ್ನಿಗೇ ಸದಾ ಸಿಕ್ಕಿಸಿರುತ್ತದೆ, ನೀಲಿ ದೀಪ ಮಿನುಗುತ್ತಿರುತ್ತದೆ. ಕಂಪ್ಯೂಟರಿಗೆ ಬಂದದ್ದು ಆ ಡಿಸ್ಕಿಗೂ ಅದೇ ಗಳಿಗೆಯಲ್ಲಿ ಬರುತ್ತದೆ. ನಕಲು ಮುಗಿದ ಕೂಡಲೇ ಅದನ್ನು ಕಿತ್ತು ಬೀರುವಿನಲ್ಲಿಡಿ. ಎರಡು ಡಿಸ್ಕ್‌ಗಳನ್ನು ಸರದಿಯಲ್ಲಿ ಬಳಸಿದರೆ ಇನ್ನೂ ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಆ ಪ್ರತಿಯನ್ನು ತೆರೆದು ನೋಡಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಅಭ್ಯಾಸವೇ.

ಅಪ್‌ಡೇಟ್ ಮುಂದೂಡಬೇಡಿ. ದಿನದ ಬಿಲ್ಲಿಂಗ್‌ಗೆ ಅಡ್ಮಿನ್ ಪಾಸ್‌ವರ್ಡ್ ಬೇಡ. ಇಮೇಲ್‌ಗೆ ಒಟಿಪಿಯಂಥ ಎರಡನೇ ಬೀಗವಿರಲಿ. ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂಬುದು 2022ರ ನಿಯಮ. ಹಣವೂ ಹೋಗಿದ್ದರೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಈ ನಂಬರನ್ನೂ ಬ್ಯಾಂಕಿನದ್ದನ್ನೂ ಕಂಪ್ಯೂಟರ್ ರಿಪೇರಿಯವರದ್ದನ್ನೂ ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಕ್ಯಾಲೆಂಡರ್ ಪಕ್ಕದ ಗೋಡೆಗೆ ಅಂಟಿಸಿ.